ನಿಂತ ಗಾಡಿ

ಕಳೆದ ವಾರ ನಮ್ಮ ಬೀದಿಯ ಡಾಕ್ಟರ ಮನೆಯಲ್ಲಿ ಆಫ್ರಿಕಾ ತೋರಿಸಿದರು. ಗಂಡ ಹೆಂಡತಿ ಇಬ್ಬರೂ ಪ್ರವಾಸ ಹೋಗಿ ಬಂದಿದ್ದರು. ಹಜಾರದ ಗೋಡೆಗೆ ಬಿಳಿ ಪಂಚೆ ಬಿಗಿದು, ದೀಪ ಆರಿಸಿ, ಸ್ಲೈಡ್ ಯಂತ್ರದ ಮುಂದೆ ಬೀದಿಯವರನ್ನೆಲ್ಲ ಕೂರಿಸಿದರು. ಕೋಲಾರದ ಸೆಕೆಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತ ನಾವು ಆನೆ, ಜಿರಾಫೆ, ಪಟ್ಟೆ ಕುದುರೆಗಳನ್ನು ನೋಡಿದೆವು. ಆಮೇಲೆ ಒಂದು ಸಿಂಹ ಬಂತು. ನಿಂತ ಜೀಪಿನ ನೆರಳಿನಲ್ಲೇ ಮಲಗಿತ್ತು. ಡಾಕ್ಟರ ಹೆಂಡತಿ ನನ್ನ ಕಡೆ ಬಾಗಿ, "ಅಲ್ಲಿ ಗೈಡ್ ಅಂತ ಒಬ್ಬ ಇರ್ತಾನೆ ಟೀಚರ್. ಪ್ರಾಣಿ ಎಲ್ಲಿದೆಯೋ ಅಲ್ಲಿಗೇ ಕರ್ಕೊಂಡು ಹೋಗಿ ಗಾಡಿ ನಿಲ್ಲಿಸ್ತಾನೆ. ಅವಕ್ಕೂ ಅಭ್ಯಾಸ ಆಗ್ಬಿಟ್ಟಿದೆ, ತಿರುಗೀನೂ ನೋಡಲ್ಲ" ಎಂದರು.

ನಾನು ಎದ್ದು ಬಂದುಬಿಟ್ಟೆ. ಕೇಸರಿಭಾತು ಮಾಡಿದ್ದರಂತೆ, ಅದನ್ನೂ ತಿನ್ನಲಿಲ್ಲ. ಹೆಡ್‌ಮಿಸ್ಟ್ರೆಸ್‌ಗೆ ಸಕ್ಕರೆ ಕಾಯಿಲೆ ಇರಬೇಕು ಎಂದು ಬೀದಿಯಲ್ಲಿ ಮಾತಾಯಿತು. ಇರಲಿ ಬಿಡಿ. ಮೂವತ್ತು ವರ್ಷ ಮಕ್ಕಳನ್ನು ಗದರಿಸಿದವಳಿಗೆ ಒಂದಿಷ್ಟು ಕೆಟ್ಟ ಹೆಸರು ಭಾರವಾಗುವುದಿಲ್ಲ. ಆದರೆ ಆ ರಾತ್ರಿ ನನಗೆ ಸಿಂಹದ ನೆನಪು ಬರಲಿಲ್ಲ. ನಮ್ಮ ನಾಯನ ಎತ್ತಿನ ಗಾಡಿಯ ಮೂಕಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದುದು ಕಣ್ಣಿಗೆ ಕಟ್ಟಿತು.

ನಾಯನ ಎಂದರೆ ಅಪ್ಪ. ನಮ್ಮದು ದೇವರಾಯಸಮುದ್ರದ ಕೆರೆಯಾಚೆ ಒಂದು ಸಣ್ಣ ಊರು. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ಅಂಗಳದಲ್ಲಿ ಎರಡೂ. ನಾಯನ ಎತ್ತುಗಳ ಹತ್ತಿರ ತೆಲುಗು ಆಡುತ್ತಿದ್ದರು, ಅಮಲ್ದಾರರ ಹತ್ತಿರ ಕನ್ನಡ. ಸಿಟ್ಟು ಬಂದಾಗ ಯಾವುದೂ ಇಲ್ಲ, ಹೆಗಲ ಮೇಲಿನ ವಲ್ಲಿ ಕೊಡವಿ ಹೊರಗೆ ನಡೆಯುತ್ತಿದ್ದರು. ಗಾಡಿಗೆ ಹುಲ್ಲು ಹಾಸಿ ನನ್ನನ್ನು ಕೂರಿಸಿಕೊಂಡು ಹೊಲಕ್ಕೆ ಹೋಗುವುದಿತ್ತು. ಕೀಲೆಣ್ಣೆ ವಾಸನೆ, ಹುಲ್ಲಿನ ಚುಚ್ಚು, ಲಂಗದ ಮಡಿಲಲ್ಲಿ ಹುರಿದ ಅವರೆಕಾಳು. ಕಾಳು ಅಗಿಯುವ ಸದ್ದಿಗೆ ಗಾಡಿಯ ಸದ್ದೇ ಕೇಳುತ್ತಿರಲಿಲ್ಲ. ನಾನು ತಿನ್ನುವುದರಲ್ಲಿ ಯಾವಾಗಲೂ ಮುಂದೆ. ಅವ್ವ ಹೇಳುತ್ತಿದ್ದಳು, "ಇವಳ್ನ ಗಾಡೀಲಿ ಕೂರಿಸಿದ್ರೆ ಎತ್ತಿಗೆ ಹೊಟ್ಟೆ ಉರೀತದೆ."

ಊರಿನ ಹಿಂದೆ ದೊಡ್ಡ ಬಯಲು. ತಂಗಡಿ ಗಿಡ, ಬಂದರೆ ಗಿಡ, ನಡುನಡುವೆ ಹುರುಳಿ ಹೊಲ. ಅಲ್ಲಿ ಜಿಂಕೆಗಳಿದ್ದವು. ನೀವು ಈಗ ಮೃಗಾಲಯದಲ್ಲಿ ಕಡಲೆಕಾಯಿ ಎಸೆದು ನೋಡುವ ಮಂಕು ಜಿಂಕೆ ಅಲ್ಲ. ತಿರುಚಿದ ಕೊಂಬು, ಕಪ್ಪು ಬೆನ್ನು, ಬಿಳಿ ಹೊಟ್ಟೆಯ ಹೋರಿ ಜಿಂಕೆ ಮುಂದೆ. ಅದರ ಹಿಂದೆ ಮಣ್ಣಿನ ಬಣ್ಣದ ಹೆಣ್ಣುಗಳ ಹಿಂಡು. ಬೆದರಿದರೆ ಮೊದಲು ಒಂದು ಮೇಲಕ್ಕೆ ನೆಗೆಯುತ್ತಿತ್ತು, ಆಮೇಲೆ ಇನ್ನೊಂದು, ಆಮೇಲೆ ಇಡೀ ಬಯಲೇ ಎದ್ದು ಓಡುತ್ತಿರುವಂತೆ ಕಾಣುತ್ತಿತ್ತು.

ಈ ಜಿಂಕೆಗಳ ಹತ್ತಿರ ಹೋಗುವ ರೀತಿಯೊಂದಿತ್ತು. ನಡೆದು ಹೋದರೆ ಓಡುತ್ತವೆ, ಕುದುರೆ ಕಂಡರೆ ಓಡುತ್ತವೆ. ಎತ್ತಿನ ಗಾಡಿಗೆ ಮಾತ್ರ ಹೆದರುತ್ತಿರಲಿಲ್ಲ. ಗಾಡಿಯನ್ನು ನೇರವಾಗಿ ಅವುಗಳ ಕಡೆಗೆ ಹೊಡೆಯಬಾರದು. ಬೇರೆಲ್ಲಿಗೋ ಹೊರಟವರ ಹಾಗೆ ದೊಡ್ಡ ಸುತ್ತು ಹಾಕಿ, ಸುತ್ತನ್ನು ಚಿಕ್ಕದು ಮಾಡುತ್ತ ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗಾಡಿ ನಿಲ್ಲಬಾರದು. ಶಿಕಾರಿಗೆ ಬಂದವನು ನಡೆಯುತ್ತಿರುವ ಗಾಡಿಯ ಹಿಂದಿನಿಂದ ಜಾರಿ ಇಳಿದು ಗಿಡದ ಮರೆಗೆ ಬೀಳಬೇಕು. ಗಾಡಿ ತನ್ನ ಪಾಡಿಗೆ ಹೋಗುತ್ತಿರಬೇಕು. ಜಿಂಕೆಗಳ ಲೆಕ್ಕದಲ್ಲಿ ನಡೆಯುವ ಗಾಡಿ ರೈತನದು, ನಿಂತ ಗಾಡಿ ಬಂದೂಕಿನದು. ಗಾಲಿ ನಿಂತಿತೋ, ಹಿಂಡು ಮಾಯ.

ನಾಯನನಿಗೆ ಈ ಸುತ್ತು ಹಾಕುವುದರಲ್ಲಿ ಸುತ್ತಮುತ್ತ ಹೆಸರಿತ್ತು. ಅಮಲ್ದಾರರು, ಅವರ ಷಡ್ಡಕರು, ಷಡ್ಡಕರ ಸ್ನೇಹಿತರು ಎಲ್ಲ ಬರುತ್ತಿದ್ದರು. ಬಂದವರಲ್ಲಿ ಬಹಳ ಮಂದಿ ಹೊಟ್ಟೆ ಬೆಳೆಸಿದವರು. ಗಾಡಿಯಿಂದ ಜಾರಿ ಮುಳ್ಳಿನ ಮೇಲೆ ಬಿದ್ದು 'ಅಮ್ಮಾ' ಎಂದು ಕೂಗುವ ಹೊತ್ತಿಗೆ ಜಿಂಕೆಗಳು ನಂಗಲಿ ದಾರಿ ಹಿಡಿದಿರುತ್ತಿದ್ದವು. ನಾಯನ ಮುಖ ಗಂಟು ಹಾಕಿಕೊಂಡು, "ಅಯ್ಯೋ, ಒಂಚೂರಲ್ಲಿ ತಪ್ಪಿಹೋಯ್ತು ಸ್ವಾಮಿ" ಎನ್ನುತ್ತಿದ್ದರು. ಮನೆಗೆ ಬಂದು ನಗುತ್ತಿದ್ದರು. ಅಪರೂಪಕ್ಕೆ ಗುರಿ ತಾಕಿದ ದಿನ ಉಣ್ಣದೆ ಮಲಗುತ್ತಿದ್ದರು. ಶಿಕಾರಿಗೆ ಬಂದವರನ್ನು ಬೇಡ ಎನ್ನುವಂತಿರಲಿಲ್ಲ, ಹೊಲದ ಕಂದಾಯ ನೋಡುವವರು ಅವರೇ.

ಹೀಗಿರುವಾಗ ರಾಯರು ಬಂದರು. ಬೆಂಗಳೂರಿನಲ್ಲಿ ವಕೀಲರು. ಸಣಕಲು ದೇಹ, ಕೋಟು, ಕೊಡೆ. ಮುಳಬಾಗಿಲಿನ ಬಸ್ಸಿನಿಂದ ಇಳಿದು ನಮ್ಮ ಊರಿಗೆ ನಡೆದೇ ಬಂದರು. ಅವರ ಹಿಂದೆ ಆಳು ಖಾಕಿ ಕ್ಯಾನ್ವಾಸಿನಲ್ಲಿ ಸುತ್ತಿ ಹಗ್ಗ ಬಿಗಿದ ಉದ್ದನೆಯ ಗಂಟೊಂದನ್ನು ಹೊತ್ತಿದ್ದ. ಅದನ್ನು ಕಂಡದ್ದೇ ನಾಯನನ ಮುಖ ಇಳಿಯಿತು. ಇನ್ನೊಬ್ಬ ಬಂದೂಕಿನವ. ರಾಯರು ಜಗುಲಿಯ ಮೇಲೆ ಗಂಟು ಬಿಚ್ಚಿದರು. ಒಳಗಿದ್ದದ್ದು ಮರದ ಮೂರು ಕಾಲು, ಕ್ಯಾಮೆರಾ ಕೂರಿಸುವ ಸ್ಟ್ಯಾಂಡು.

"ಹೊಡೆಯೋದಿಲ್ವಾ ಸ್ವಾಮಿ?"

"ಇಲ್ಲಪ್ಪ ಮುನಿಯಪ್ಪ. ಚಿತ್ರ ತೆಗೀತೀನಿ. ಜಿಂಕೆಗೆ ಏನೂ ಆಗಲ್ಲ."

ನಾಯನ ನಂಬಲಾರದೆ ಆ ಮೂರು ಕಾಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ನಕ್ಕ ನಗು ಇದೆಯಲ್ಲ, ಅದನ್ನು ನಾನು ಮತ್ತೆ ನೋಡಲಿಲ್ಲ. ಅವ್ವನನ್ನು ಕೂಗಿ, "ಲೇ, ಈ ಸ್ವಾಮಿ ಜಿಂಕೇನ ಸುಮ್ನೆ ನೋಡಕ್ಕೆ ಬಂದವ್ರಂತೆ ಕಣೇ!" ಎಂದರು. ಅವ್ವ ಬಾಗಿಲ ಮರೆಯಿಂದಲೇ ರಾಯರನ್ನು ಒಮ್ಮೆ ನೋಡಿ, ಬೆಂಗಳೂರಿನಲ್ಲಿ ನೋಡಲು ಏನೂ ಇಲ್ಲವೇನೋ ಪಾಪ ಎಂದುಕೊಂಡು ಒಳಗೆ ಹೋದಳು.

ಆ ವರ್ಷದ ರಜೆಗಳಲ್ಲೆಲ್ಲ ರಾಯರು ಬಂದರು. ಗಾಡಿಯಲ್ಲಿ ಮೂರು ಕಾಲು ನಿಲ್ಲಿಸಿ, ತಲೆಯ ಮೇಲೆ ಕರಿ ಬಟ್ಟೆ ಹೊದ್ದು, ಗಾಜಿನ ಪ್ಲೇಟು ತೂರಿಸಿ ಚಿತ್ರ ತೆಗೆಯುತ್ತಿದ್ದರು. ಮೊದಲ ದಿನ ಕರಿ ಬಟ್ಟೆ ಕಂಡು ಎತ್ತುಗಳೇ ಬೆದರಿ, ರಾಯರು ಕ್ಯಾಮೆರಾ ಸಮೇತ ನನ್ನ ಮೇಲೆ ಬಿದ್ದರು. ಅವರಿಗೆ ಏಟು ತಾಕಲಿಲ್ಲ, ನಾನು ದಪ್ಪವಿದ್ದೆ. ಬೆಂಗಳೂರಿಗೆ ಹೋಗಿ ಚಿತ್ರ ತೊಳೆದು ತಂದು ತೋರಿಸಿದರು. ಒಂದರಲ್ಲಿ ಎತ್ತಿನ ಬಾಲ, ಒಂದರಲ್ಲಿ ನಾಯನನ ರುಮಾಲು, ಉಳಿದದ್ದರಲ್ಲಿ ಬರೀ ಮಬ್ಬು. ನಡೆಯುವ ಗಾಡಿಯಲ್ಲಿ ಕ್ಯಾಮೆರಾ ಅಲ್ಲಾಡುತ್ತದೆ, ಅಲ್ಲಾಡಿದರೆ ಚಿತ್ರ ಕೆಡುತ್ತದೆ. ಗಾಡಿ ನಿಲ್ಲಲೇಬೇಕು. ಗಾಡಿ ನಿಂತರೆ ಜಿಂಕೆ ಇರುವುದಿಲ್ಲ.

ರಾಯರು ಆಸೆ ಬಿಟ್ಟು ಕ್ಯಾಮೆರಾ ಪೆಟ್ಟಿಗೆಗೆ ಹಾಕತೊಡಗಿದರು. ನಾಯನನಿಗೆ ಅದು ತಡೆಯಲಿಲ್ಲ. ಮನೆಗೆ ಬಂದ ಒಬ್ಬನೇ ಒಬ್ಬ ಒಳ್ಳೆಯವನು ಬರಿಗೈಯಲ್ಲಿ ಹೋಗುತ್ತಿದ್ದಾನಲ್ಲ ಎಂಬ ಸಂಕಟ. "ಬೇಸಿಗೆ ಕಳೀಲಿ ಸ್ವಾಮಿ. ಗಾಡಿ ನಿಂತ್ರೂ ಜಿಂಕೆ ನಿಲ್ಲೋ ಹಂಗೆ ನಾನು ಕಲಿಸ್ತೀನಿ" ಎಂದರು.

ಕಲಿಸಿದರು. ದಿನಾ ಬೆಳಿಗ್ಗೆ ಗಾಡಿ ಕಟ್ಟಿಕೊಂಡು ಬಯಲಿಗೆ ಹೋಗಿ ದೂರದಲ್ಲಿ ನಿಲ್ಲಿಸುವುದು. ಜಿಂಕೆಗಳು ಓಡಿದರೆ ಓಡಲಿ. ಇವರು ಮೂಕಿಯ ಮೇಲೆ ಕೂತು ಬೀಡಿ ಸೇದುತ್ತ, "ಏಮೀ ಕಾದು, ಏಮೀ ಕಾದು" ಎಂದು ತಮಗೆ ತಾವೇ ಹೇಳಿಕೊಳ್ಳುವುದು. ಏನೂ ಆಗಲ್ಲ, ಏನೂ ಆಗಲ್ಲ. ಹೊರಡುವಾಗ ಗಾಡಿ ನಿಂತಿದ್ದ ಜಾಗದಲ್ಲಿ ನಾಲ್ಕು ಹಿಡಿ ಹುರುಳಿ ಚೆಲ್ಲುವುದು. ಮಾರನೆಯ ದಿನ ಸ್ವಲ್ಪ ಹತ್ತಿರ. ನನಗೆ ಬೇಸಿಗೆ ರಜ, ಓದಲು ಇದ್ದ ಕೋಲಾರದ ಚಿಕ್ಕಮ್ಮನ ಮನೆಯಿಂದ ಬಂದಿದ್ದೆ. ನಾನೂ ಹೋಗಿ ಕೂರುತ್ತಿದ್ದೆ. ಅವರೆಕಾಳು ಅಗಿಯಬಾರದು ಎಂದು ಅಪ್ಪಣೆಯಾಗಿತ್ತು, ಅದೊಂದೇ ಕಷ್ಟ.

ಅವ್ವನಿಗೆ ಮೈಯೆಲ್ಲ ಉರಿ. ಹೊಲಕ್ಕೆ ಗೊಬ್ಬರ ಹೊಡೆಯುವ ಕಾಲದಲ್ಲಿ ಗಾಡಿ ಬಯಲಲ್ಲಿ ನಿಂತಿರುತ್ತದೆ, ಎತ್ತಿಗಿಟ್ಟ ಹುರುಳಿ ಜಿಂಕೆಯ ಪಾಲಾಗುತ್ತದೆ. ಒಂದು ದಿನ ಊಟಕ್ಕೆ ಬಡಿಸುತ್ತ ಅಂದುಬಿಟ್ಟಳು, "ಅದ್ಕೆ ಇರೋದೊಂದು ಭಯ. ಅದನ್ನೂ ಕಿತ್ಕೊಂಡು ನೀವು ಏನ್ ಕೊಡ್ತೀರ? ಹುರುಳೀನಾ?"

ನಾಯನ ಮುದ್ದೆ ಮುರಿಯುತ್ತ, "ಬಂದೂಕು ತರೋರನ್ನ ನಾನು ಇನ್ಮೇಲೆ ಗಾಡಿ ಹತ್ತಿಸಿದ್ರೆ ತಾನೆ?" ಎಂದರು. ಅಮಲ್ದಾರರು ವರ್ಗವಾಗಿ ಹೋಗಿದ್ದರು, ಹೊಸಬರಿಗೆ ಶಿಕಾರಿಯ ಹುಚ್ಚಿರಲಿಲ್ಲ. ನನಗಂತೂ ನಾಯನನೇ ಗೆದ್ದರು ಅನ್ನಿಸಿತು.

ಮಳೆ ಬೀಳುವ ಮೊದಲೇ ಹಿಂಡು ಕಲಿತಿತ್ತು. ರಾಯರು ಬಂದರು. ಗಾಡಿ ಸುತ್ತು ಹಾಕಿ ನಿಂತಿತು. ರಾಯರು ಕರಿ ಬಟ್ಟೆಯೊಳಗೆ ಹೋದರು. ಹೋರಿ ಜಿಂಕೆ ತಲೆ ಎತ್ತಿತು, ನಮ್ಮ ಕಡೆ ನೋಡಿತು, ಓಡಲಿಲ್ಲ. ಎರಡು ಹೆಜ್ಜೆ ಮುಂದಕ್ಕೇ ಬಂತು. ಕ್ಯಾಮೆರಾ ಟಕ್ಕೆಂದಿತು. ಬಟ್ಟೆಯಿಂದ ಹೊರಬಂದ ರಾಯರ ಕಣ್ಣಲ್ಲಿ ನೀರು. "ಮುನಿಯಪ್ಪಾ, ನನ್ನ ಜನ್ಮ ಸಾರ್ಥಕ ಆಯ್ತು ಕಣಯ್ಯ" ಎಂದರು. ನಾಯನ ಎತ್ತಿನ ಬೆನ್ನು ಸವರುತ್ತ ಅತ್ತ ತಿರುಗಿದರು. ಅವರದೂ ಅದೇ ಪಾಡು.

ಆ ಚಿತ್ರ ಕಟ್ಟು ಹಾಕಿಸಿಕೊಂಡು ನಮ್ಮ ಮನೆಗೆ ಬಂತು. ಅದಕ್ಕೆ ಬದಲಾಗಿ ನಾಯನ ಶ್ರೀನಿವಾಸಪುರದಿಂದ ಒಂದು ಬುಟ್ಟಿ ರಸಪುರಿ ಹಣ್ಣು ತರಿಸಿ ರಾಯರ ಬಸ್ಸಿಗೆ ಹಾಕಿದರು. ಚಿತ್ರವನ್ನು ದೇವರ ಪಟಗಳ ಸಾಲಿನಲ್ಲೇ ಮೊಳೆ ಹೊಡೆದು ತೂಗುಹಾಕಿದ್ದರಿಂದ ಶುಕ್ರವಾರಗಳಲ್ಲಿ ಅವ್ವ ಮೈಮರೆತು ಜಿಂಕೆಯ ಹಣೆಗೂ ಕುಂಕುಮ ಇಟ್ಟುಬಿಡುತ್ತಿದ್ದಳು. ಬೆಂಗಳೂರಿನ ಯಾವುದೋ ಪ್ರದರ್ಶನದಲ್ಲಿ ಅದಕ್ಕೆ ಬಹುಮಾನ ಬಂತಂತೆ. ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾಯಿತು. ರಾಯರು ಬಹಳ ಪ್ರಾಮಾಣಿಕ ಮನುಷ್ಯ, ಕೀರ್ತಿಯನ್ನೆಲ್ಲ ತಾವೇ ಇಟ್ಟುಕೊಳ್ಳಲಿಲ್ಲ. ನಮ್ಮ ಊರಿನ ಹೆಸರು, ನಾಯನನ ಹೆಸರು, ಹೋಗುವ ದಾರಿ, ಗಾಡಿ ನಿಂತರೂ ಜಿಂಕೆಗಳು ನಿಲ್ಲುವ ಸೋಜಿಗ, ಎಲ್ಲವನ್ನೂ ಬರೆದಿದ್ದರು. ನಾನು ಅದನ್ನು ಕೋಲಾರದ ಸ್ಕೂಲಿನಲ್ಲಿ ಎಲ್ಲರಿಗೂ ತೋರಿಸಿ ಮೆರೆದೆ.

ಅಷ್ಟರಲ್ಲಿ ಯುದ್ಧ ಬಂತು. ನಮಗೆ ಯುದ್ಧ ಎಂದರೆ ಸೀಮೆಎಣ್ಣೆ ಸಿಗದಿರುವುದು, ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿ ಓಡಿಸುವುದು. ಏರು ಬಂದರೆ ಇಳಿದು ತಳ್ಳಬೇಕು. ನಾನು ಹೈಸ್ಕೂಲು ಮುಗಿಸಿ ಊರಿನಲ್ಲಿದ್ದೆ. ಒಂದು ದಿನ ಬೆಳಿಗ್ಗೆ ಊರ ಮುಂದೆ ಮಿಲಿಟರಿ ಲಾರಿ ನಿಂತಿತು. ಇಬ್ಬರು ಬಿಳಿ ಅಧಿಕಾರಿಗಳು, ಜೊತೆಗೆ ಅವರ ಮಾತನ್ನು ಕನ್ನಡಕ್ಕೆ ಹೇಳುವ ಒಬ್ಬ ಕಂಟ್ರಾಕ್ಟರು. ಒಬ್ಬನ ಕುತ್ತಿಗೆಯಲ್ಲಿ ಪುಟ್ಟ ಕ್ಯಾಮೆರಾ. ಜೇಬಿನಿಂದ ಪತ್ರಿಕೆಯ ತುಂಡು ತೆಗೆದು ತೋರಿಸಿದರು. ರಾಯರ ಚಿತ್ರ.

ನಾಯನ ಹಿಗ್ಗಿ ಹೋದರು. ಎಲ್ಲಿಂದಲೋ ಬಂದ ದೊರೆಗಳು ತಮ್ಮ ಜಿಂಕೆಯ ಚಿತ್ರ ಇಟ್ಟುಕೊಂಡು ಹುಡುಕಿಕೊಂಡು ಬಂದಿದ್ದಾರೆ. ಅವ್ವನ ಕೈಯಲ್ಲಿ ಮಜ್ಜಿಗೆ ಕೊಡಿಸಿದರು. ಲಾರಿಯಿಂದ ಇಳಿಸಿದ ಸಾಮಾನಿನಲ್ಲಿ ಖಾಕಿ ಕ್ಯಾನ್ವಾಸಿನಲ್ಲಿ ಸುತ್ತಿ ಹಗ್ಗ ಬಿಗಿದ ಉದ್ದನೆಯ ಗಂಟುಗಳಿದ್ದವು. ಕಂಟ್ರಾಕ್ಟರು ಅವನ್ನು ಗಾಡಿಗೆ ಎಸೆಯಹೋದಾಗ ನಾಯನ ತಡೆದರು. "ಹುಷಾರು ಸ್ವಾಮಿ, ಮೂರು ಕಾಲು ಇರ್ತದೆ, ಏಟು ಬಿದ್ರೆ ಕೆಡ್ತದೆ" ಎಂದು ತಾವೇ ಎರಡೂ ಕೈಯಲ್ಲಿ ತೆಗೆದುಕೊಂಡು ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿದರು. ಕಂಟ್ರಾಕ್ಟರು ನಕ್ಕ. ಇವನಿಗೆ ಏನೋ ಸಂತೋಷವಿರಬೇಕು ಎಂದು ನಾನೂ ನಕ್ಕೆ.

ಗಾಡಿ ಹೋದ ಬಯಲಿನ ಕಡೆಯಿಂದ ಸದ್ದು ಕೇಳಿಸಿದಾಗ ಅವ್ವ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಲಾರಿಯ ಟೈರು ಸಿಡಿಯಿತೇನೋ ಎಂದಳು. ಮತ್ತೆ ಕೇಳಿಸಿತು. ಮತ್ತೆ, ಮತ್ತೆ. ಮೊರ ಕೆಳಗಿಟ್ಟಳು.

ಆ ಜಿಂಕೆಗಳನ್ನೆಲ್ಲ ಬಯಲಿನಿಂದ ಲಾರಿಯವರೆಗೆ ತಂದದ್ದು ನಮ್ಮ ಗಾಡಿಯೇ. ಲಾರಿ ಹೋದ ಮೇಲೆ ನಾಯನ ಎತ್ತುಗಳನ್ನು ಬಿಚ್ಚಲೂ ಇಲ್ಲ, ಜಗುಲಿಯ ಮೇಲೆ ಕೂತರು. ಎಷ್ಟು ಎಂದು ನಾನು ಕೇಳಲಿಲ್ಲ. ಅವರೇ ಬಾಯಿಬಿಟ್ಟರು.

"ಓಡ್ಲಿಲ್ಲ ಅಮ್ಮಣ್ಣಿ. ಮೊದಲ್ನೇ ಗುಂಡಿಗೂ ಓಡ್ಲಿಲ್ಲ. ಪಕ್ಕದಲ್ಲಿ ಒಂದು ಬೀಳ್ತಾ ಇದ್ರೂ ನನ್ ಕಡೆ ನೋಡ್ತಾ ನಿಂತಿದ್ವು. ನಾನಿದೀನಲ್ಲ ಅಂತ."

ಅವ್ವ 'ನಾನು ಅವತ್ತೇ ಹೇಳಿದ್ದೆ' ಎನ್ನಲಿಲ್ಲ. ನಾನಾಗಿದ್ದರೆ ಅಂದುಬಿಡುತ್ತಿದ್ದೆ. ಕೊಡದಲ್ಲಿ ನೀರು ತಂದು ಗಾಡಿ ತೊಳೆದಳು, ಹಾಸಿದ್ದ ಹುಲ್ಲನ್ನು ತಿಪ್ಪೆಗೂ ಹಾಕದೆ ದೂರ ಒಯ್ದು ಸುಟ್ಟಳು. ದೇವರ ಸಾಲಿನಲ್ಲಿದ್ದ ಚಿತ್ರವನ್ನು ನಾಯನ ತೆಗೆದು ಅಟ್ಟಕ್ಕೆ ಹಾಕಿದರು. ನನಗೆ ಇವತ್ತಿಗೂ ಅಧಿಕಾರಿಗಳ ಮೇಲೆ ಅಷ್ಟು ಸಿಟ್ಟು ಬರುವುದಿಲ್ಲ, ಅವರು ಕೊಲ್ಲುವುದಕ್ಕೇ ಬಂದವರು. ಸಿಟ್ಟು ಬರುವುದು ಒಳ್ಳೆಯ ರಾಯರ ಮೇಲೆ. ಇದು ಅನ್ಯಾಯ ಎಂದು ನನಗೆ ಗೊತ್ತು. ಆದರೂ ಬರುತ್ತದೆ.

ರಾಯರು ಸುದ್ದಿ ಕೇಳಿ ಓಡಿ ಬಂದರು. ಜಗುಲಿಯಲ್ಲಿ ಕೂತು ಅತ್ತರು, ನಿಜವಾಗಿಯೇ ಅತ್ತರು. ಅವ್ವ ಕೊಟ್ಟ ಕಾಫಿ ಕುಡಿದು ಕಣ್ಣೊರೆಸಿಕೊಂಡ ಮೇಲೆ, "ಒಂದಷ್ಟು ಉಳಿದಿವೆಯಂತಲ್ಲ ಮುನಿಯಪ್ಪ? ಅವುಗಳದೊಂದು ಚಿತ್ರ ತೆಗೆದು ಪತ್ರಿಕೆಗೆ ಬರೀತೀನಿ. ಇದು ಜನಕ್ಕೆ ತಿಳೀಬೇಕು" ಎಂದರು. ಆಳಿನ ಹೆಗಲ ಮೇಲೆ ಮೂರು ಕಾಲಿನ ಗಂಟು ಇತ್ತು.

"ಗಾಡಿ ರಿಪೇರಿಗೆ ಹೋಗಿದೆ ಸ್ವಾಮಿ" ಎಂದರು ನಾಯನ.

ಗಾಡಿ ಎದುರಿಗೆ ಅಂಗಳದಲ್ಲೇ ನಿಂತಿತ್ತು. ರಾಯರು ಗಾಡಿಯನ್ನು ನೋಡಿದರು, ನಾಯನನನ್ನು ನೋಡಿದರು, ಕೊಡೆ ತೆಗೆದುಕೊಂಡು ಎದ್ದರು. ಮತ್ತೆ ಬರಲಿಲ್ಲ.

ಅಷ್ಟರಲ್ಲಾಗಲೇ ನಾಯನ ಬೇರೊಂದು ಪಾಠ ಶುರುಮಾಡಿದ್ದರು. ಉಳಿದ ಜಿಂಕೆಗಳು ಬಯಲಿಗೆ ಮರಳಿದ್ದವು. ನಮ್ಮ ಗಾಡಿ ಕಂಡರೆ ಅಲ್ಲಾಡುತ್ತಿರಲಿಲ್ಲ. ಲಾರಿ ಇನ್ನೊಮ್ಮೆ ಬಂದೇ ಬರುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ಕಂಟ್ರಾಕ್ಟರನಿಗೆ ಈಗ ದಾರಿ ತಿಳಿದಿದೆ, ಗಾಡಿ ಬೇರೆಯವರದೂ ಸಿಗುತ್ತದೆ. ಅವನು ಬರುವುದರೊಳಗೆ ಹಿಂಡಿಗೆ ಭಯ ವಾಪಸು ಕೊಡಬೇಕು. ನಾಯನ ಗಾಡಿ ಕಟ್ಟಿದರು. ಬಡಿಯಲು ನನ್ನ ಕೈಗೆ ಖಾಲಿ ಸೀಮೆಎಣ್ಣೆ ಡಬ್ಬ ಕೊಟ್ಟರು.

ಗಾಡಿ ನಿಂತದ್ದೇ ನಾನು ಡಬ್ಬ ಬಡಿದೆ, ನಾಯನ ಎದ್ದು ನಿಂತು "ಪೋ! ಪೋ!" ಎಂದು ಕಿರುಚಿದರು. ಜಿಂಕೆಗಳು ಕಿವಿ ಮುಂದಕ್ಕೆ ಮಾಡಿ ನೋಡಿದವು. ಒಂದು ಎಳೆಯ ಹೋರಿ ಜಿಂಕೆ ಹುರುಳಿ ಚೆಲ್ಲುತ್ತಾರೆಂದು ಹತ್ತಿರಕ್ಕೇ ಬಂತು. ನಾಯನ ಕಲ್ಲೆತ್ತಿ ಬೀಸಿದರು. ಅದರ ಪಕ್ಕೆಗೆ ಬಿತ್ತು. ಪಕ್ಕಕ್ಕೆ ನೆಗೆದು ಮತ್ತೆ ನಿಂತು ನೋಡಿತು. ನಾಯನ ಇನ್ನೊಂದು ಕಲ್ಲು ಎತ್ತಿದರು, ಎಸೆಯಲಾಗಲಿಲ್ಲ. ಗಾಡಿಯ ಚಕ್ರ ಹಿಡಿದು ಕೂತು ಮಗುವಿನಂತೆ ಅತ್ತರು. ನನಗೆ ಅವರ ಹತ್ತಿರ ಹೋಗಲು ನಾಚಿಕೆಯಾಗಿ, ಅಪ್ಪ ಅಳುವುದನ್ನು ನೋಡಬಾರದೆಂದು, ಡಬ್ಬ ಬಡಿಯುತ್ತಲೇ ಇದ್ದೆ.

ಮಾರನೆಯ ದಿನ ಕವಣೆ ತಂದರು. ಅಳಲಿಲ್ಲ. ದಿನಾ ಹೋದೆವು, ದಿನಾ ಹೊಡೆದೆವು. ಒಂದು ಹೆಣ್ಣು ಜಿಂಕೆ ಕುಂಟತೊಡಗಿತು. ಊರವರು ಮುನಿಯಪ್ಪನಿಗೆ ತಲೆ ಕೆಟ್ಟಿದೆ ಎಂದರು. ಕೊನೆಗೆ ಒಂದು ಬೆಳಿಗ್ಗೆ ನಾವಿನ್ನೂ ಹುರುಳಿ ಹೊಲ ದಾಟಿರಲಿಲ್ಲ. ಗಾಲಿಯ ಸದ್ದಿಗೇ ಒಂದು ಮೇಲಕ್ಕೆ ನೆಗೆಯಿತು, ಇನ್ನೊಂದು ನೆಗೆಯಿತು, ಇಡೀ ಹಿಂಡು ನಂಗಲಿಯ ಕಡೆಗೆ ಓಡಿತು. ನಾಯನ ಕಣ್ಣಿಗೆ ಕೈ ಅಡ್ಡ ಹಿಡಿದು ಧೂಳು ಅಡಗುವವರೆಗೆ ನೋಡಿದರು. ಅವು ನಮ್ಮ ಬಯಲಿಗೆ ಮತ್ತೆ ಬರಲಿಲ್ಲ.

ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ನಾನು ಕೋಲಾರದಲ್ಲಿ ಟೀಚರಾದೆ. ನಂಗಲಿ ಕಡೆಯಿಂದ ಯಾರು ಊರಿಗೆ ಬಂದರೂ ನಾಯನ ಜಗುಲಿಗೆ ಕರೆದು ಜಿಂಕೆ ಕಂಡಿರಾ ಎಂದು ಕೇಳುತ್ತಿದ್ದರು. ಅಲ್ಲಿ ಜಿಂಕೆ ಕಂಡು ಎಷ್ಟೋ ಕಾಲವಾಗಿತ್ತು, ಲಾರಿಗಳು ಆ ಕಡೆಗೂ ಹೋಗಿದ್ದವು. ಅವ್ವ ಬಂದವರನ್ನು ಬಾವಿಯ ಹತ್ತಿರವೇ ತಡೆದು, ಏನು ಹೇಳಬೇಕೆಂದು ಹೇಳಿಕೊಟ್ಟು ಕಳಿಸುತ್ತಿದ್ದಳು. ಒಂದು ಸಲ ನಾನು ಸ್ಕೂಲಿನ ಕೆಲಸಕ್ಕೆ ನಂಗಲಿಗೆ ಹೋಗಿ, ಅಲ್ಲಿಂದ ನೇರ ಊರಿಗೆ ಬಂದೆ. ಅವ್ವ ನನ್ನನ್ನೂ ಬಾವಿಯ ಹತ್ತಿರ ನಿಲ್ಲಿಸಿದಳು. "ಕೇಳ್ತಾರೆ. ಕಂಡೆ ಅನ್ನು, ಓಡಿದ್ವು ಅನ್ನು. ಇಲ್ಲ ಅಂದ್ರೆ ಇವತ್ತು ಉಣ್ಣಲ್ಲ."

ನಾಯನ ತಟ್ಟೆಯ ಮುಂದೆ ಕೂತಿದ್ದರು, ಮುದ್ದೆಗೆ ಕೈ ಹಾಕಿರಲಿಲ್ಲ.

"ಕಂಡ್ವಾ ಅಮ್ಮಣ್ಣಿ?"

"ಕಂಡ್ವು ನಾಯನಾ."

"ಗಾಡಿ ನೋಡಿ ನಿಂತ್ವಾ?"

"ಇಲ್ಲ, ಓಡಿದ್ವು. ಗಾಡಿ ಇನ್ನೂ ದೂರ ಇತ್ತು, ಆಗ್ಲೇ ಓಡಿದ್ವು."

"ಹಂಗಾದ್ರೆ ಬದುಕ್ಕೊಂತವೆ ಬಿಡು" ಎಂದು ನಾಯನ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು.